ತರಗೆಲೆಯ ಬಾಯಿ

ದೇವನಹಳ್ಳಿ
4-9-1944

ಗಂಗಣ್ಣ,

ಕ್ಷೇಮ ವಿಚಾರಿಸಿ ಶುರು ಮಾಡುವ ಕಾಗದವಲ್ಲ ಇದು. ಹೇಳದೆ ಕೇಳದೆ ಮನೆಗೆ ಬೀಗ ಹಾಕಿ ತ್ಯಾಮಗೊಂಡ್ಲುವಿನಲ್ಲಿ ಮಗಳ ಮನೆ ಸೇರಿದ್ದೀಯೆ. ಬಸ್ಸಿನವನು ಹೇಳಿದ ಮೇಲೆ ನನಗೆ ಗೊತ್ತಾಯಿತು. ಬೇಲಿಯ ಪಕ್ಕದವನಿಗೆ, ಒಂದೇ ಚಾಪೆಯ ಮೇಲೆ ಕೂತು ಅಕ್ಷರ ತಿದ್ದಿದವನಿಗೆ, ಬಸ್ಸಿನವನು ಬಂದು ಹೇಳಬೇಕೆ?

ತಪ್ಪು ಮಾಡದವನು ಊರು ಯಾಕೆ ಬಿಡಬೇಕು? ಇದೊಂದಕ್ಕೆ ಉತ್ತರ ಹೇಳು.

ಗೌರಿ ಹಬ್ಬದಿಂದ ಈಚೆಗೆ ನನ್ನ ತೋಟದಲ್ಲಿ ಚಕ್ಕೋತ ಉದುರುತ್ತಿದೆ. ಬಲಿತು ಬಣ್ಣ ತಿರುಗಿ, ಇನ್ನೇನು ಇಳಿಸಬೇಕು ಅನ್ನುವಾಗ ಒಂದೊಂದಾಗಿ ಬೀಳುತ್ತದೆ. ಬಿದ್ದ ಹಣ್ಣಿನ ಮೇಲೆಲ್ಲ ಸಣ್ಣ ತೂತು. ಗೋಣಿ ಹೊಲಿಯುವ ದಬ್ಬಳದಲ್ಲಿ ಚುಚ್ಚಿದರೆ ಹೇಗೋ ಹಾಗೆ, ದುಂಡಗೆ. ಅಮುಕಿದರೆ ರಸ ಚಿಮ್ಮುತ್ತದೆ. ಮಾರನೆಯ ದಿನ ಸುತ್ತ ಕಂದು ಮಚ್ಚೆ, ಆಮೇಲೆ ಕೊಳೆತ. ಅಳಿಲೋ ಕಾಗೆಯೋ ಕೆಡಿಸಿದ್ದಾದರೆ ಹಣ್ಣು ಹೇಗಿರುತ್ತದೆಂದು ನನಗೂ ಗೊತ್ತು, ನಿನಗೂ ಗೊತ್ತು. ವ್ಯವಸಾಯದ ವಿಷಯ ಬಲ್ಲವರೊಬ್ಬರು ನೊಣ ಇರಬೇಕು ಎಂದರು. ನೊಣ ಮೊಟ್ಟೆಯಿಟ್ಟಿದ್ದರೆ ಒಳಗೆ ಹುಳು ಇರಬೇಡವೆ? ಎಷ್ಟು ಹಣ್ಣು ಕೊಯ್ದರೂ ಒಂದು ಹುಳುವೂ ಸಿಗಲಿಲ್ಲ.

ಹೀಗಿರುವಾಗ ಹೊತ್ತು ಮುಳುಗಿದ ಮೇಲೆ ನೀನು ನನ್ನ ತೋಟದೊಳಗೆ ಹಣ್ಣಿಗೆ ಕೈ ಚಾಚಿ ನಿಂತಿದ್ದನ್ನು ಬೈರಣ್ಣ ಕಂಡ. ಹಣ್ಣು ಗುತ್ತಿಗೆ ಹಿಡಿದವನು, ಕಣ್ಣಿಟ್ಟಿರುತ್ತಾನೆ. ನೇರವಾಗಿ ಯಜಮಾನರಾದ ದೊಡ್ಡಮುನಿಯಪ್ಪನವರ ಕಿವಿಗೆ ಹಾಕಿದ. ಅವರು ಕಟ್ಟೆಗೆ ಕರೆಸಿ ಕೇಳಿದರೆ ನೀನು ಕೊಟ್ಟ ಉತ್ತರವೇನು? "ತರಗೆಲೆ ಕಣಣ್ಣ. ಹಣ್ಣಿನ್ ಮ್ಯಾಲೆ ಕೂತಿತ್ತು. ಬಾಯಿ ಇಕ್ಕಿ ಹೀರ್ತಿತ್ತು. ಕೈ ಚಾಚ್ದೆ, ಹಾರೋಯ್ತು."

"ಚಿಟ್ಟೆ ಅಂತೀಯೇನೋ?" ಎಂದು ಕೇಳಿದೆ.

"ಊಂ, ಅಂಗೇ ಇತ್ತು."

ತಲೆತಲಾಂತರದಿಂದ ರೇಷ್ಮೆ ಹುಳು ಸಾಕಿದ ಜನರ ಮುಂದೆ ಆಡುವ ಮಾತೆ ಇದು? ಗೂಡು ಬಿಟ್ಟು ಬಂದ ಚಿಟ್ಟೆ ಸೊಪ್ಪು ಮುಟ್ಟುವುದಿಲ್ಲ, ನೀರು ಮುಟ್ಟುವುದಿಲ್ಲ, ಮೊಟ್ಟೆಯಿಟ್ಟು ಸಾಯುತ್ತದೆ. ಚಿಟ್ಟೆಗೆ ತಿನ್ನುವ ಬಾಯಿಲ್ಲ ಅನ್ನುವುದು ನಮ್ಮ ಮನೆಯ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಕಟ್ಟೆಗೆ ಕಟ್ಟೆಯೇ ನಕ್ಕಿತು. ನನಗೆ ನಗು ಬರಲಿಲ್ಲ. ನನ್ನನ್ನು ಅಷ್ಟು ದಡ್ಡನೆಂದು ಎಣಿಸಿದೆಯಲ್ಲ ಎಂದು ಹೊಟ್ಟೆ ಉರಿಯಿತು.

ಯಜಮಾನರು ನ್ಯಾಯವಾಗಿಯೇ ಹೇಳಿದರು: ಸಪ್ಪಲಮ್ಮನ ಗುಡಿಯಲ್ಲಿ ಕರ್ಪೂರ ಹಚ್ಚಿ, "ನಾನು ಮಾಡಿಲ್ಲ" ಅಂದು ಅಂಗೈಯಲ್ಲಿ ಆರಿಸಿಬಿಡು, ಅಲ್ಲಿಗೆ ಮುಗಿಯಿತು. ಊರಿನಲ್ಲಿ ಬೇರೆ ಯಾರೂ ಆರಿಸಿಲ್ಲವೆ? ನೀನು ಟವಲು ಕೊಡವಿಕೊಂಡು ಹೊರಟುಹೋದೆ. ನೋಡಿದವರು ಏನು ತಿಳಿದುಕೊಳ್ಳಬೇಕು?

ನನ್ನ ನೆನಪು ಚೆನ್ನಾಗಿದೆ. ಕೂಲಿಮಠದಲ್ಲಿ ಮೇಷ್ಟರ ಮಸಿಬುರುಡೆಗೆ ಜಾಲಿಮುಳ್ಳು ಚುಚ್ಚಿದವನು ನೀನು. ಅವರ ಪಂಚೆಯೆಲ್ಲ ಕಪ್ಪಾಯಿತು. ಏಟು ತಿಂದವನು ನಾನು.

ಉತ್ತರ ಬರೆ.

ರಾಮಾಂಜಿನಪ್ಪ


ತ್ಯಾಮಗೊಂಡ್ಲು
13-9-1944

ರಾಮಾಂಜಿನಪ್ಪನವರಿಗೆ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ಮಸಿಬುರುಡೆ ಚುಚ್ಚಿದವನು ನಾನೇ. ನಿಮಗೆ ಏಟು ಬಿದ್ದ ಕೂಡಲೆ ಎದ್ದು ಹೋಗಿ ಮೇಷ್ಟರ ಮುಂದೆ ಕೈ ಚಾಚಿದವನೂ ನಾನೇ. ನಿಮ್ಮ ನೆನಪು ಅಲ್ಲಿಯವರೆಗೆ ಬರಲಿಲ್ಲ.

ಊರು ಯಾಕೆ ಬಿಟ್ಟೆ ಎಂದು ಕೇಳಿದ್ದೀರಿ. ಕರ್ಪೂರಕ್ಕೆ ಹೆದರಿ ಅಲ್ಲ. ಯಜಮಾನರು ಆ ಮಾತು ಎತ್ತಿದಾಗ ನಾನು ನಿಮ್ಮ ಮುಖ ನೋಡಿದೆ. "ಬ್ಯಾಡ ಬುಡಿ, ಗಂಗಣ್ಣ ಹೇಳಿದ್ರೆ ಸಾಕು" ಎಂದು ನೀವು ಒಂದು ಮಾತು ಅಂದಿದ್ದರೆ ನಾನೇ ಓಡಿ ಹೋಗಿ ಆರಿಸಿ ಬರುತ್ತಿದ್ದೆ. ನೀವು ಕೋಲಿನ ತುದಿಯಲ್ಲಿ ನೆಲದ ಮೇಲೆ ಗೀಟು ಎಳೆಯುತ್ತಾ ಕೂತಿದ್ದಿರಿ. ಆರಿಸಿದ್ದರೆ ಊರಿನ ಬಾಯಿ ಮುಚ್ಚುತ್ತಿತ್ತೇನೋ. ನನಗೆ ಬೇಕಾಗಿದ್ದದ್ದು ಊರಿನ ಬಾಯಿಯಲ್ಲ.

ಹಣ್ಣು ಯಾಕೆ ಉದುರುತ್ತದೆಂದು ನೋಡಲು ಬೇಲಿ ದಾಟಿ ಬಂದಿದ್ದೆ; ಕಂಡದ್ದೇನೆಂದು ನನಗೂ ಸರಿಯಾಗಿ ತಿಳಿಯದು. ತರಗೆಲೆ ಅಂದದ್ದು ಅದು ಹಾಗೆಯೇ ಇತ್ತು ಅಂತ: ನಡುವೆ ಎಲೆಯ ನರ, ಅಂಚು ಮುರುಟಿದ ಹಾಗೆ, ಅಲ್ಲಲ್ಲಿ ಇನ್ನೂ ಹಸಿರು ಆರದ ಹಾಗೆ. ಹಾರಿದಾಗ ಒಳಗೆ ಕಿತ್ತಳೆ ಬಣ್ಣ ಕಂಡು ಮರೆಯಾಯಿತು. ಇದನ್ನೂ ಕಟ್ಟೆಯ ಮೇಲೆ ಹೇಳಬೇಕೆಂದಿದ್ದೆ. ನಗು ನಿಲ್ಲಲಿಲ್ಲ. ಚಿಟ್ಟೆಗೆ ಬಾಯಿಲ್ಲ ಅನ್ನುವುದು ನನಗೂ ಗೊತ್ತಿರುವ ವಿಷಯ. ಅವರೆಲ್ಲ ನಕ್ಕ ಮೇಲೆ, ಕಂಡದ್ದು ನಿಜವೋ ಅಲ್ಲವೋ ಎಂದು ನನಗೇ ಅನುಮಾನ ಬಂದುಬಿಟ್ಟಿತು.

ಬೀಗ ಮನೆಗೆ ಮಾತ್ರ. ಬೇಲಿಯ ಅಮೃತಬಳ್ಳಿ ಯಾರಿಗೆ ಬೇಕಾದರೂ ಕಿತ್ತುಕೊಳ್ಳಲಿ. ಜ್ವರದ ಕಾಲ.

ಗಂಗಣ್ಣ


ದೇವನಹಳ್ಳಿ
2-10-1944

ಗಂಗಣ್ಣ,

ಇದೇನು "ನೀವು", ಇದೇನು "ನಮಸ್ಕಾರ"? ಅಮಲ್ದಾರರಿಗೆ ಅರ್ಜಿ ಬರೆದ ಹಾಗಿದೆ. ಇರಲಿ.

ನೀನು ಊರಿನಲ್ಲಿಲ್ಲ. ಹಣ್ಣು ಉದುರುತ್ತಲೇ ಇದೆ. ಇದನ್ನು ಬೈರಣ್ಣನ ಮುಂದೆ ಎತ್ತಿದೆ.

"ಅಳಿಯನ್ನ ಕಳಿಸ್ತಿರ್ಬೇಕು ಬುಡಣ್ಣ" ಅಂದ.

"ತ್ಯಾಮಗೊಂಡ್ಲಿಂದ ದಿನಾ ದಬ್ಬಳ ಇಡ್ಕಂಡ್ ಬರ್ತಾನೇನೋ?"

"ಪೆಟ್ರೋಲಿಲ್ದೆ ಇದ್ಲಲ್ಲಿ ಓಡೋ ಬಸ್ಸು, ಇದ್ಲು ಸಿಕ್ಕಿದ್ರೆ ಬರ್ತಾನೆ."

ಇಂಥವನ ಮಾತಿನ ಮೇಲೆ ಕಟ್ಟೆ ಸೇರಿತ್ತು. ನಮ್ಮ ಅಪ್ಪನ ಕಾಲದಲ್ಲಾಗಿದ್ದರೆ ಕಂಡೆನೆಂದವನನ್ನು ಮೊದಲು ನಾಲ್ಕು ಪ್ರಶ್ನೆ ಕೇಳುತ್ತಿದ್ದರು. ಈಗ ಯಾರು ಗಟ್ಟಿಯಾಗಿ ಹೇಳುತ್ತಾರೋ ಅದೇ ಸಾಕ್ಷಿ.

ರೇಷನ್ನಿನ ಸೀಮೆಎಣ್ಣೆ ಎಷ್ಟು ಸಿಗುತ್ತದೆಂದು ನಿನಗೆ ಗೊತ್ತು. ಅದರಲ್ಲೇ ಉಳಿಸಿ, ಲಾಟೀನು ಹಚ್ಚಿಕೊಂಡು ಸಂಜೆ ತೋಟದಲ್ಲಿ ಕೂರಲು ಶುರು ಮಾಡಿದೆ. ಕೆಲವು ದಿನ ಸೊಳ್ಳೆ ಕಚ್ಚಿಸಿಕೊಂಡದ್ದೇ ಬಂತು. ಕಳೆದ ವಾರ ಬಾವಿಯ ಕಡೆಯ ಮರದಲ್ಲಿ ಒಂದು ಹಣ್ಣಿಗೆ ಒಣಗಿದ ಎಲೆ ಅಂಟಿಕೊಂಡಿತ್ತು. ಗಾಳಿ ಇರಲಿಲ್ಲ, ಎಲೆ ಅದುರುತ್ತಿತ್ತು. ಲಾಟೀನು ಎತ್ತಿ ಹಿಡಿದರೆ ಎಲೆಯ ತುದಿಯಲ್ಲಿ ಎರಡು ಕೆಂಡದ ಚುಕ್ಕಿ. ಕಣ್ಣು! ಇನ್ನೂ ಹತ್ತಿರ ಹೋಗಲು ಲಾಟೀನು ಕೊಂಬೆಗೆ ತಗುಲಿತು. ಎಲೆ ಹಾರಿಹೋಯಿತು. ನೀನು ಬರೆದ ಕಿತ್ತಳೆ ಬಣ್ಣ ನನಗೂ ಕಂಡಿತು.

ಬೆಳಗ್ಗೆ ಎದ್ದು ಹುಡುಕಿದೆ. ಎಲ್ಲಿ ಹುಡುಕುವುದು? ತೋಟದ ತುಂಬ ತರಗೆಲೆ. ಒಂದೊಂದನ್ನೂ ಕೋಲಿನಿಂದ ಮುಟ್ಟುತ್ತಾ ಹೋದೆ. ಮುನಿತಾಯಮ್ಮ ಬಾಗಿಲಲ್ಲಿ ನಿಂತು, "ಎಲೆ ಎಣಿಸ್ತಿದ್ದೀರಾ? ಆಯಿತಾ, ಇಲ್ಲ ನಾನೂ ಬರ್ಲಾ?" ಎಂದು ಕೇಳಿದಳು. ಹೆಂಡತಿಯ ಕೈಲೂ ನಗಿಸಿಕೊಂಡೆ. ಮಾವಿನ ಮರದ ಬುಡದಲ್ಲಿ ಮೂರು ಸಲ ಮುಟ್ಟಿ ಎಲೆಯೆಂದು ಬಿಟ್ಟದ್ದು ನಾಲ್ಕನೆಯ ಸಲಕ್ಕೆ ಎದ್ದು ಹಾರಿತು. ಈಗ ಎಲೆ ಯಾವುದು, ಅಲ್ಲದ್ದು ಯಾವುದು ಎಂದು ನನ್ನ ಕಣ್ಣನ್ನೇ ನಂಬುವ ಹಾಗಿಲ್ಲ.

ಆದರೂ ಒಂದು ಮಾತು ಕೇಳಬೇಕು. ಅದು ಹಣ್ಣಿನ ಮೇಲೆ ಕೂತದ್ದನ್ನು ಕಂಡೆ. ತೂತು ಕೊರೆದದ್ದನ್ನು ಕಾಣಲಿಲ್ಲ. ಮೊದಲೇ ಇದ್ದ ತೂತಿನ ರಸಕ್ಕೆ ಬಂದಿರಬಹುದಲ್ಲ? ತೂತು ಮಾಡಿದವರು ಬೇರೆ ಇರಬಹುದಲ್ಲ? ತಪ್ಪು ತಿಳಿಯಬೇಡ. ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೇನೆ.

ರಾಮಾಂಜಿನಪ್ಪ


ದೇವನಹಳ್ಳಿ
22-10-1944

ಗಂಗಣ್ಣ,

ಹಿಂದಿನ ಕಾಗದಕ್ಕೆ ನೀನು ಉತ್ತರ ಹಾಕಲಿಲ್ಲ. ದೀಪಾವಳಿಗಾದರೂ ಬರುತ್ತೀಯೆಂದು ಮುನಿತಾಯಮ್ಮ ಕಜ್ಜಾಯ ಎತ್ತಿಟ್ಟಿದ್ದಳು.

ನನ್ನ ತಲೆ ಕೆಟ್ಟಿದೆ. ಚಿಟ್ಟೆ ಅಂದ ಮೇಲೆ ಅದಕ್ಕೊಂದು ಹುಳು ಇರಬೇಕು. ಹುಳು ಅಂದ ಮೇಲೆ ಸೊಪ್ಪು ತಿನ್ನಬೇಕು. ಚಕ್ಕೋತದ ಹಣ್ಣಿಗೆ ಬರುವುದು ಚಕ್ಕೋತದ ಎಲೆಯ ಮೇಲೆ ತಾನೇ ಬೆಳೆಯಬೇಕು? ಏಣಿ ಹಾಕಿ ನೋಡಿದೆ. ಹಕ್ಕಿಯ ಹಿಕ್ಕೆಯ ಹಾಗಿರುವ ಒಂದು ಜಾತಿಯ ಹುಳು ಸಿಕ್ಕಿತು. ಸಾಕಿ ನೋಡಿದರೆ ಹಗಲು ಹಾರುವ ಕರಿಯ ಪಾತರಗಿತ್ತಿ ಬಂತು. ಅದಲ್ಲ. ಹಾಗಾದರೆ ಈ ತರಗೆಲೆ ಎಲ್ಲಿ ಹುಟ್ಟುತ್ತದೆ? ಆಕಾಶದಿಂದ ಉದುರುತ್ತದೆಯೆ?

ಮುನಿತಾಯಮ್ಮನಿಗೆ ಚಳಿಜ್ವರ ಮರುಕಳಿಸಿತ್ತು. ಜಪಾನಿನವರು ಜಾವಾ ಹಿಡಿದಾಗಿನಿಂದ ಅಲ್ಲಿಂದ ಬರುತ್ತಿದ್ದ ಕ್ವಿನೈನ್ ಇಲ್ಲ. ಇದ್ದಬದ್ದದ್ದು ಸಿಪಾಯಿಗಳಿಗೆ, ನಮಗೆ ಸರ್ಕಾರದ ಸಂತಾಪ. ಕಷಾಯಕ್ಕೆಂದು ಅವಳು ನಿನ್ನ ಬೇಲಿಯಲ್ಲಿ ಅಮೃತಬಳ್ಳಿ ಕೊಯ್ಯುತ್ತಿದ್ದಾಗ ಏನೋ ಕೈಗೆ ಮೆತ್ತಗೆ ತಾಗಿತಂತೆ. ಮಖಮಲ್ಲಿನ ಹಾಗೆ ಕರಿಯ ಹುಳು. ಮೈಯ ಪಕ್ಕದಲ್ಲಿ ಕಣ್ಣು ಬರೆದಂಥ ಚುಕ್ಕೆ. ಮುಟ್ಟಿದರೆ ತಲೆ ಕೆಳಗೆ ಮಡಚಿ, ಬಾಲ ಮೇಲೆತ್ತಿ, ಕೊಂಡಿ ಹಾಕಿಕೊಂಡು ಕೂರುತ್ತದೆ. ಇಂಥದ್ದನ್ನು ಕಂಡರೆ ಬೇರೆಯವರು ಚಪ್ಪಲಿ ತೆಗೆಯುತ್ತಾರೆ. ಇವಳು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಹುಳುಮನೆಯ ತಟ್ಟೆಗೆ ಬಿಟ್ಟಳು.

"ಅದ್ಯಾಕೆ ತಂದೆ?" ಅಂದೆ.

"ನಮ್ಮವಕ್ಕೆ ಮೂಟೆಗಟ್ಲೆ ಸೊಪ್ಪು ಕೊಯ್ತೀವಿ. ಇದುಕ್ಕೆ ನಾಕೆಲೆ ಹಾಕಿದ್ರೆ ಏನ್ ಗಂಟೋಗ್ತದೆ?"

ಹಿಪ್ಪುನೇರಳೆ ಹಾಕಿದಳು, ಮೂಸಲಿಲ್ಲ. ಚಕ್ಕೋತದ ಎಲೆ ಹಾಕಿದೆ, ಅದರ ಮೇಲೆ ಹತ್ತಿ ಆಚೆ ಇಳಿದುಹೋಯಿತು. ಅಮೃತಬಳ್ಳಿಯ ಎಲೆ ಮಾತ್ರ ಸರಸರ ತಿನ್ನುತ್ತದೆ, ಆ ಕಹಿಯನ್ನು! ನಮ್ಮ ಹುಳುವಿನ ಹಾಗೆಯೇ ಮೇವು ಬಿಟ್ಟು ಜ್ವರಕ್ಕೆ ಕೂತು, ಪೊರೆ ಬಿಟ್ಟು ಎದ್ದಿತು. ನಿನ್ನೆಯಿಂದ ಎರಡು ಎಲೆ ಸೇರಿಸಿ ನೂಲಿನಿಂದ ಹೊಲಿದುಕೊಂಡು ಒಳಗೆ ಅಡಗಿದೆ. ಇದಕ್ಕೂ ಆ ತರಗೆಲೆಗೂ ಸಂಬಂಧವಿದೆಯೋ, ನಾನು ಸುಮ್ಮನೆ ಹುಚ್ಚನಾಗುತ್ತಿದ್ದೇನೋ, ತಿಳಿಯದು.

ನಿನ್ನ ತೋಟವನ್ನು ಬೈರಣ್ಣನಿಗೆ ಮಾರುತ್ತೀಯೆಂದು ಸುದ್ದಿ. ಸುಳ್ಳು ತಾನೇ?

ರಾಮಾಂಜಿನಪ್ಪ


ತ್ಯಾಮಗೊಂಡ್ಲು
29-10-1944

ರಾಮಾಂಜಿನಪ್ಪನವರಿಗೆ,

ಸುಳ್ಳಲ್ಲ. ಬೈರಣ್ಣ ಇಲ್ಲಿಗೇ ಬಂದಿದ್ದ. ಕೊಡುತ್ತೇನೆಂದು ಒಪ್ಪಿದ್ದೇನೆ. ಕಾರ್ತಿಕ ಕಳೆದ ಮೇಲೆ ರುಜು.

ಕಳ್ಳನೆನಿಸಿಕೊಂಡ ಊರಿನಲ್ಲಿ ಬಾವಿಗೆ ಹಗ್ಗ ಇಳಿಸುವುದು ಹೇಗೆ? ನನ್ನ ಮಗಳು ಅಮ್ಮಯಮ್ಮನೇ ಮೊನ್ನೆ, "ಅಪ್ಪಾ, ಒಂದು ಗಳಿಗೆ ಕೆಲ್ಸ, ಆರ್ಸಿ ಬಂದ್ಬುಡ್ಬಾರ್ದಾಗಿತ್ತಾ?" ಅಂದಳು. ಅವಳ ಮನೆಯಲ್ಲಿ ಅನ್ನ ಉಣ್ಣುವವನು ಏನು ಹೇಳಲಿ? ನಾನು ಮಾಡಿದ್ದು ಸರಿಯೋ, ಬರಿಯ ಹಠವೋ ಎಂದು ನನಗೂ ಒಂದೊಂದು ದಿನ ಒಂದೊಂದು ಥರ ಕಾಣುತ್ತದೆ.

ಮುನಿತಾಯಮ್ಮನವರ ಜ್ವರ ಬಿಟ್ಟಿತೆ? ಆ ಎಲೆಯ ಗೂಡನ್ನು ಇರುವೆಗೆ ಸಿಗದ ಹಾಗೆ ಇಡಲು ಹೇಳಿ. ತಟ್ಟೆ ಇಟ್ಟ ಮಣೆಯ ಕಾಲಿಗೆ ನೀರಿನ ಬಟ್ಟಲು ಇರಲಿ.

ಗಂಗಣ್ಣ


ದೇವನಹಳ್ಳಿ
12-11-1944

ಗಂಗಣ್ಣ,

ಬಂತು! ಬುಧವಾರ ಗೂಡು ಬಿಟ್ಟು ಹೊರಬಂತು. ರೆಕ್ಕೆ ಒದ್ದೆಯಾಗಿ ಮುದುರಿತ್ತು, ಹೊತ್ತೇರುವುದರೊಳಗೆ ಬಿಚ್ಚಿಕೊಂಡಿತು. ಅದೇ ತರಗೆಲೆ! ಅಮೃತಬಳ್ಳಿ ತಿಂದು ಬೆಳೆದು ಚಕ್ಕೋತಕ್ಕೆ ಬರುವ ಜೀವ. ಎಲ್ಲಿಂದೆಲ್ಲಿಯ ನಂಟು ನೋಡು.

ಮರದಲ್ಲಿ ಉಳಿದಿದ್ದ ಒಂದು ಹಣ್ಣು ತಂದು, ತೂತಿಲ್ಲವೆಂದು ನಾನೊಮ್ಮೆ, ಮುನಿತಾಯಮ್ಮ ಒಮ್ಮೆ ತಿರುಗಿಸಿ ತಿರುಗಿಸಿ ನೋಡಿ, ಎರಡನ್ನೂ ಸೊಳ್ಳೆಪರದೆಯೊಳಗೆ ಬಿಟ್ಟೆವು. ಹಗಲೆಲ್ಲ ಸತ್ತಂತಿತ್ತು. ದೀಪ ಹಚ್ಚುವ ಹೊತ್ತಿಗೆ ಹಣ್ಣು ಹತ್ತಿತು. ಗಡಿಯಾರದ ಬುಗ್ಗೆಯ ಹಾಗೆ ಸುತ್ತಿಟ್ಟುಕೊಂಡಿದ್ದ ಸೊಂಡಿಲು ಬಿಚ್ಚಿತು. ತುದಿ ಸಿಪ್ಪೆಗೆ ಊರಿ, ತಲೆ ಆಡಿಸಿ ಆಡಿಸಿ, ಬಡಗಿ ಬೈರಿಗೆ ತಿರುಗಿಸುವ ಹಾಗೆ ಕೊರೆಯಿತು. ಅಷ್ಟು ದಪ್ಪದ ಸಿಪ್ಪೆಯನ್ನು! ಮುನಿತಾಯಮ್ಮ, "ಅಯ್ಯೋ ಶಿವನೇ, ಗಂಗಣ್ಣನ್ನ ಓಡಿಸ್ಬುಟ್ರಲ್ಲಾ" ಅಂದಳು. "ಓಡಿಸಿಬಿಟ್ಟೆವಲ್ಲಾ" ಅನ್ನಲಿಲ್ಲ.

ಮಾರನೆಯ ದಿನವೇ ಅದನ್ನು ಬುಟ್ಟಿಯಲ್ಲಿಟ್ಟು ಕಟ್ಟೆಗೆ ಒಯ್ದೆ. ಅಲ್ಲಿ ನನಗಾದ ಮರ್ಯಾದೆ ಕೇಳು. ಹಗಲು ಹೊತ್ತು, ಅದು ಅಲ್ಲಾಡಲಿಲ್ಲ.

"ಏನಣ್ಣ, ತರಗೆಲೆ ತಂದಿದ್ದೀಯ!" ಅಂದ ಬೈರಣ್ಣ. "ಗುಡಿಸಕ್ಕೆ ಕಸಬರಿಕೆ ಕೊಡ್ಲಾ?"

ಕಡ್ಡಿಯಿಂದ ಮುಟ್ಟಿದೆ. ರೆಕ್ಕೆ ತೆರೆದು ಕಿತ್ತಳೆ ಬಣ್ಣ ಕಾಣುತ್ತಲೇ ಮುಂದೆ ಕೂತಿದ್ದವರು ಹಿಂದೆ ಸರಿದರು. ತೂತು ಕೊರೆದದ್ದನ್ನು ನಾನೂ ನನ್ನ ಹೆಂಡತಿಯೂ ಕಣ್ಣಾರೆ ಕಂಡೆವು ಎಂದೆ. ಒಬ್ಬ ಕೇಳಿದ, "ಚಿಟ್ಟೆಗೆ ಬಾಯೆಲ್ಲಿ ಬತ್ತಣ್ಣ?" ನಾನೇ ಮೊದಲ ಕಾಗದದಲ್ಲಿ ನಿನಗೆ ಬರೆದ ಮಾತು. ರೇಷ್ಮೆ ಚಿಟ್ಟೆಗೆ ಬಾಯಿಲ್ಲ ಅಂದರೆ ಲೋಕದ ಚಿಟ್ಟೆಗಳೆಲ್ಲ ಉಪವಾಸ ಇರಬೇಕೇನೋ ಎಂದು ರೇಗಿದೆ. ಸಂಜೆ ಮನೆಗೆ ಬನ್ನಿ, ತೋರಿಸುತ್ತೇನೆ ಎಂದೆ. ಇಬ್ಬರು ಬಂದರು. ಅವರ ಮುಂದೆ ಅದು ಕೊರೆಯಲಿಲ್ಲ, ಸೊಳ್ಳೆಪರದೆಯ ಮೂಲೆ ಸೇರಿತು.

ಕೊನೆಗೆ ದೊಡ್ಡಮುನಿಯಪ್ಪನವರು ತೀರ್ಪು ಹೇಳಿದರು: "ಅಂಗಾದ್ರೆ ಗಂಗಣ್ಣ ಕೈಯಾರೆ ಚುಚ್ಚಿಲ್ಲ. ಬೇಲೀಲಿ ಹುಳ ಸಾಕಿ ಚುಚ್ಚಿಸವ್ನೆ." ಕೇಳಿದೆಯಾ? ಈ ಬಳ್ಳಿ ಈಗ ಯಾರ ಬೇಲಿಯಲ್ಲಿಲ್ಲ? ಕ್ವಿನೈನ್ ನಿಂತ ಮೇಲೆ ಊರಿಗೆ ಊರೇ ನಿನ್ನ ಬೇಲಿಯಿಂದ ತುಂಡು ಮುರಿದುಕೊಂಡು ಹೋಗಿ ನೆಟ್ಟುಕೊಂಡಿದೆ. ಯಜಮಾನರ ಹಟ್ಟಿಯ ಮೇಲೂ ಹಬ್ಬಿದೆ. ಬಳ್ಳಿ ಹೆಚ್ಚಿ ಹುಳು ಹೆಚ್ಚಿತು; ನಿನ್ನ ಕಷಾಯ ಕುಡಿದು ಬದುಕಿದವರು ನಿನಗೆ ಕಳ್ಳ ಅಂದರು. ಇದನ್ನೂ ಹೇಳಿದೆ. ಒಂದಿಬ್ಬರು ಮನೆಗೆ ಹೋಗಿ ಬಳ್ಳಿ ಕಿತ್ತು ಸುಟ್ಟರು. ಮೂರನೆಯ ದಿನ ಅದರಲ್ಲೊಬ್ಬನ ಮಗುವಿಗೆ ಜ್ವರ ಬಂದು, ಅವನ ಹೆಂಡತಿ ನಿನ್ನ ಬೇಲಿಗೆ ಬಂದಳು. ಬಳ್ಳಿ ಕೀಳಬೇಕೋ ಇಡಬೇಕೋ ಯಾರಿಗೂ ತಿಳಿಯದಾಗಿದೆ. ನನ್ನ ಬೇಲಿಯದನ್ನು ನಾನು ಕಿತ್ತಿಲ್ಲ. ಹಣ್ಣು ಹೋದರೆ ಹೋಗಲಿ ಅನ್ನುವಷ್ಟು ದೊಡ್ಡ ಮನಸ್ಸೂ ನನ್ನದಲ್ಲ.

ಯಾರು ನಂಬಲಿ ಬಿಡಲಿ, ನಿನ್ನ ಮಾತು ನಿಜವೆಂದು ನನಗೆ ರುಜುವಾತಾಯಿತು. ತೋಟ ಮಾರಬೇಡ. ಬಾ.

ರಾಮಾಂಜಿನಪ್ಪ


ತ್ಯಾಮಗೊಂಡ್ಲು
20-11-1944

ರಾಮಾಂಜಿನಪ್ಪನವರಿಗೆ,

ನಿಮ್ಮ ಕಾಗದವನ್ನು ಮೊದಲು ನಾನೇ ಓದಿಕೊಂಡೆ, ಆಮೇಲೆ ಮಗಳಿಗೆ ಓದಿ ಹೇಳಿದೆ. ಅವಳು ಅತ್ತಳು. ನಾನು ಕಂಡದ್ದು ಕನಸಲ್ಲ ಎಂದು ತಿಳಿದು ನನಗೂ ಎದೆಯ ಭಾರ ಇಳಿದ ಹಾಗಾಯಿತು. ಆ ದಿನ ಸುಖವಾಗಿ ಉಂಡೆ.

ಮಾರನೆಯ ದಿನದಿಂದ ಬೇರೆ ಯೋಚನೆ ಹತ್ತಿಕೊಂಡಿದೆ. ಮುನಿತಾಯಮ್ಮನವರಿಗೆ ಜ್ವರ ಬಾರದೆ ಇದ್ದಿದ್ದರೆ? ಬಂದರೂ ಬಳ್ಳಿಯ ಆ ಕಡೆಗೆ ಅವರು ಕೈ ಹಾಕದೆ ಇದ್ದಿದ್ದರೆ? ಗೂಡನ್ನು ಇರುವೆ ತಿಂದಿದ್ದರೆ? ಇಷ್ಟು ಸಣ್ಣ ಸಣ್ಣ ವಿಷಯಗಳ ಮೇಲೆ ನಾನು ಕಳ್ಳನೋ ಅಲ್ಲವೋ ಅನ್ನುವುದು ನಿಂತಿತ್ತೆ?

ನಿಮಗೆ ರುಜುವಾತಾಯಿತು ಎಂದು ಬರೆದಿದ್ದೀರಿ. ನೀವು ನಂಬಿದ್ದು ಆ ಹುಳುವನ್ನು. ಅದು ಸಿಗದಿದ್ದರೆ ನಾನು ನಿಮ್ಮ ಪಾಲಿಗೆ ಏನಾಗಿರುತ್ತಿದ್ದೆ? ಇದಕ್ಕೆ ಉತ್ತರ ಬರೆಯಿರಿ. ಅದರಲ್ಲಿ ಹುಳುವಿನ ವಿಷಯ ಒಂದು ಅಕ್ಷರವೂ ಬೇಡ. ಅದು ಬರುವವರೆಗೆ ಬೈರಣ್ಣನ ಕ್ರಯಪತ್ರಕ್ಕೆ ರುಜು ಹಾಕುವುದಿಲ್ಲ, ಊರಿಗೂ ಬರುವುದಿಲ್ಲ.

ಗಂಗಣ್ಣ


ದೇವನಹಳ್ಳಿ
3-12-1944

ಗಂಗಣ್ಣ,

ಬರೆದದ್ದೆಲ್ಲ ವಾದವಾಗುತ್ತದೆ; ಹರಿದು ಹಾಕಿ ಮತ್ತೆ ಕೂರುತ್ತೇನೆ. ಅದಕ್ಕೇ ಇಷ್ಟು ದಿನ ಹಿಡಿಯಿತು.

ಸಾಯುವ ತನಕ ನಿನ್ನನ್ನು ಕಳ್ಳನೆಂದೇ ತಿಳಿದಿರುತ್ತಿದ್ದೆ. ನಿಜವಾದ ಉತ್ತರ ಇದು. ಯಾಕೆ ಅಂತ ಕೇಳಬೇಡ, ನನಗೆ ತಿಳಿಯುತ್ತಿಲ್ಲ. ನಿನ್ನ ಮೇಲೆ ನನಗೆ ಹಗೆ ಇರಲಿಲ್ಲ. ನಾಲ್ಕು ಜನ ನಕ್ಕರು, ನೀನು ನನ್ನ ಕಡೆ ನೋಡಿದೆ, ನಾನು ನೆಲ ನೋಡಿದೆ. ಇಷ್ಟು ವರ್ಷದ ಒಡನಾಟ ಅಷ್ಟರಲ್ಲಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಇದನ್ನು ಓದಿ ನೀನು ರುಜು ಹಾಕಿದರೆ ತಪ್ಪೆನ್ನುವ ಬಾಯಿ ನನಗಿಲ್ಲ. ಗುರುವಾರದ ಬಸ್ಸಿಗೆ ಬರುತ್ತೇನೆ, ಅದುವರೆಗೆ ತಡೆ. "ನೀವೊಬ್ರೇ ಹೋದ್ರೆ ಇನ್ನೊಂದ್ ಜಗಳ ಕಟ್ಕಂಡ್ ಬತ್ತೀರಿ" ಎಂದು ಮುನಿತಾಯಮ್ಮನೂ ಹೊರಟಿದ್ದಾಳೆ. ಬಾಗಿಲು ತೆಗೆಯುವುದು ಬಿಡುವುದು ನಿನಗೆ ಸೇರಿದ್ದು.

ಲಕೋಟೆಗೆ ಹಾಕದೆ ಕಾರ್ಡಿನಲ್ಲೇ ಬರೆದಿದ್ದೇನೆ, ಕಟ್ಟೆಯ ಮೇಲೆ ಎಲ್ಲರ ನಡುವೆ ಕೂತು. ಬೈರಣ್ಣ ಅಂಚೆಕಚೇರಿಯ ಕಡೆ ಹೊರಟಿದ್ದಾನೆ. ಅವನ ಕೈಗೇ ಕೊಡುತ್ತೇನೆ. ಅವನಿಗೆ ಓದು ಬರುತ್ತದೆ. ಓದಿದ್ದನ್ನು ಗಟ್ಟಿಯಾಗಿ ಹೇಳುವ ಅಭ್ಯಾಸವೂ ಇದೆ.

ರಾಮಾಂಜಿನಪ್ಪ